ಇನ್ನೂರು ಮಿಲಿಸೆಕೆಂಡ್ ತಡ

ನಮ್ಮ ಮನೆಯಲ್ಲಿ ನಾನು ಯಾರನ್ನು ಬೇಕಾದರೂ ಅಣಕಿಸಬಹುದು. ಮೇಲಿನ ಮಹಡಿಯ ವಕೀಲರ ಕೆಮ್ಮು, ಮುದಿ ಫ್ರಿಜ್ಜಿನ ನರಳಾಟ, ಕೊನೆಗೆ ಅಮ್ಮನ ಸೀನು ಕೂಡ. ಅಕ್ಕನ ಉಗ್ಗನ್ನು ಮಾತ್ರ ಮುಟ್ಟುವಂತಿಲ್ಲ. ಏಳನೇ ವಯಸ್ಸಿನಲ್ಲಿ ಒಮ್ಮೆ ಮುಟ್ಟಿದ್ದೆ. ಅಮ್ಮ ಬೆನ್ನಿಗೆ ಸೌಟು ಮುಟ್ಟಿಸಿದಳು. ಅಂದಿನಿಂದ ಅದು ಮನೆಯ ಕಾನೂನು.

ಆ ಕಾನೂನಿನಲ್ಲೊಂದು ತೂತಿತ್ತು. ಅಕ್ಕನ ಮಾತನ್ನು ಅಣಕಿಸಬಾರದು ಅಂತಿತ್ತೇ ಹೊರತು ಮುಗಿಸಬಾರದು ಅಂತಿರಲಿಲ್ಲ. ಅವಳು ಒಂದು ಪದದ ಹೊಸಿಲಲ್ಲಿ ತಡೆದು ನಿಂತರೆ ಸಾಕು, ನಾನು ಒಳಗೆ ನುಗ್ಗಿ ವಾಕ್ಯ ಮುಗಿಸಿ ಹಿತ್ತಿಲ ಬಾಗಿಲಿಂದ ಆಚೆ ಬಂದಿರುತ್ತಿದ್ದೆ. ಉಪಕಾರ ಮಾಡುತ್ತಿದ್ದೇನೆ ಅಂತಲೇ ನನ್ನ ನಂಬಿಕೆ. ಅವಳು ಕೆಲಸ ಮಾಡುವ ಅಂಗಡಿಯ ಕನ್ನಡಿಯ ಬಗ್ಗೆ ಇದ್ದ ಜೋಕನ್ನಂತೂ ಅವಳು ಒಮ್ಮೆಯೂ ಕೊನೆಯವರೆಗೆ ಹೇಳಿದ್ದಿಲ್ಲ. ಪ್ರತಿ ಸಲ ನಾನೇ ಮುಗಿಸಿದೆ. ನೆಂಟರಿಷ್ಟರಲ್ಲಿ ಯಾರೂ ನಗಲಿಲ್ಲ ಅನ್ನುವುದು ಬೇರೆ ಮಾತು.

ಅಕ್ಕ ಇರುವುದು ಕನ್ನಡಕದಂಗಡಿಯಲ್ಲಿ. ಅಲ್ಲಿ ಗೋಡೆಯ ಅಕ್ಷರಪಟ ಓದುವುದೆಲ್ಲ ಗಿರಾಕಿ. ಇವಳು ಕಡ್ಡಿ ಹಿಡಿದು ಸಾಲು ತೋರಿಸಿದರಾಯಿತು. ಮನೆಗೆ ಬಂದು ಗಿಟಾರ್ ಹಿಡಿದು ಹಾಡು ಕಟ್ಟುತ್ತಾಳೆ. ಹಾಡುವಾಗ ಉಗ್ಗು ಚಪ್ಪಲಿಯ ಹಾಗೆ ಬಾಗಿಲಾಚೆ ಉಳಿಯುತ್ತದೆ. ಈ ಸಲ ಅವಳು ಕಟ್ಟಿದ ಹಾಡು ರೇಡಿಯೋದವರಿಗೆ ಹಿಡಿಸಿತ್ತು. ಅವರದು ಎರಡೇ ಷರತ್ತು. ಹಾಡನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಇವತ್ತು ಸಂಜೆ ಆರರೊಳಗೆ ಕಳಿಸಬೇಕು. ಜೊತೆಗೆ, ಹಾಡು ಹೇಗೆ ಹುಟ್ಟಿತು ಅಂತ ಹಾಡಿದವರೇ ತಮ್ಮ ದನಿಯಲ್ಲಿ ಒಂದು ನಿಮಿಷ ಮಾತಾಡಬೇಕು. ಹೋದ ವರ್ಷ ಆ ಒಂದು ನಿಮಿಷಕ್ಕೆ ಹೆದರಿಯೇ ಅಕ್ಕ ಹಾಡು ಕಳಿಸಿರಲಿಲ್ಲ.

"ಅದೇನು ಮಹಾ! ನಿನ್ನ ದನಿ ನಾನು ಮಾಡ್ತೀನಿ. ಹೆತ್ತ ಅಮ್ಮನಿಗೂ ಗೊತ್ತಾಗಲ್ಲ," ಅಂದೆ.

ಅಕ್ಕ ಏನೂ ಅನ್ನಲಿಲ್ಲ. ತಾನು ಬರೆದಿಟ್ಟಿದ್ದ ಪರಿಚಯದ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡಳು. ಅದನ್ನು ಒಪ್ಪಿಗೆ ಅಂದುಕೊಂಡೆ. ಅವಳ ಮೌನವನ್ನೂ ನಾನೇ ಮುಗಿಸಿದ್ದೆ.

ಮಧ್ಯಾಹ್ನ ಮೂರಕ್ಕೆ ಅವಳ ಕೋಣೆಯೇ ಸ್ಟುಡಿಯೋ ಆಯಿತು. ಗೋಡೆಗೆ ಹಾಸಿಗೆ ಒರಗಿತು, ಕಿಟಕಿಗೆ ಕಂಬಳಿ ಏರಿತು. ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಮೈಕು ಮತ್ತು ಹೆಡ್‌ಫೋನು ಚುಚ್ಚುವ ಹೊಸ ಕೆಂಪು ಪೆಟ್ಟಿಗೆ. ಹೆಡ್‌ಫೋನ್ ಹಾಕಿಕೊಂಡು "ಹಲೋ" ಅಂದೆ. ನಾನು ಬಾಯಿ ಮುಚ್ಚಿದ ಮೇಲೆ ಕಿವಿಯೊಳಗೆ ಇನ್ಯಾರೋ "ಹಲೋ" ಅಂದರು. ಅವರೂ ನಾನೇ, ಸ್ವಲ್ಪ ತಡವಾಗಿ ಬಂದಿದ್ದೆ. ಇನ್ನೂರು ಮಿಲಿಸೆಕೆಂಡ್ ತಡ ಅಂತ ಪರದೆ ತೋರಿಸುತ್ತಿತ್ತು.

"ಡ್ರೈವರ್ ಸರಿ ಇಲ್ಲ," ಅಂದೆ.

"ಯಾವ ಡ್ರೈವರೋ?" ಅಡುಗೆಮನೆಯಿಂದ ಅಮ್ಮ.

"ಕಂಪ್ಯೂಟರಿಗೂ ಈ ಪೆಟ್ಟಿಗೆಗೂ ಮಧ್ಯೆ ಸದ್ದು ಸಾಗಿಸೋ ಸಾಫ್ಟ್‌ವೇರಮ್ಮ. ಕಂಪ್ಯೂಟರಿನದೇ ಒಂದಿದೆ, ಅದು ಬಹಳ ನಿಧಾನ. ಬಕೆಟ್ ತುಂಬೋವರೆಗೂ ಒಂದು ತೊಟ್ಟೂ ಕೊಡಲ್ಲ. ಪೆಟ್ಟಿಗೆ ಮಾಡಿದ ಕಂಪನಿಯ ಡ್ರೈವರ್ ಹಾಕಿದರೆ ಲೋಟ ಲೋಟವಾಗಿ ತಕ್ಷಣ ಸುರಿಯುತ್ತೆ."

"ನಿಧಾನದ ಡ್ರೈವರೇ ಒಳ್ಳೇದು ಕಣೋ," ಅಂದಳು ಅಮ್ಮ. ಮನೆಯಲ್ಲಿ ತಂತ್ರಜ್ಞಾನದ ಬಗ್ಗೆ ನಡೆದ ಚರ್ಚೆ ಅಷ್ಟೇ.

ಕಂಪನಿಯ ಡ್ರೈವರನ್ನು ಡೌನ್‌ಲೋಡಿಗೆ ಹಾಕಿದೆ. ಅದು ಬರುವಷ್ಟರಲ್ಲಿ ಅಕ್ಕನ ದನಿ ಹದಕ್ಕೆ ತಂದುಕೊಳ್ಳೋಣ ಅಂತ ಗಂಟಲು ಸಣ್ಣ ಮಾಡಿ, ಮೈಕಿಗೆ ಬಾಗಿ ಶುರು ಮಾಡಿದೆ.

"ನಮ... ನಮಸ್ಕ... ಸ್ಕಾ... ಕಾರ. ನಾ... ನಾನೂ ಕನ್... ಕನ್ನಡ..."

ಇದೇನಿದು! ಪ್ರತಿ ಪದದ ಬಾಲವನ್ನೂ ಕಿವಿಯೊಳಗೆ ತಡವಾಗಿ ಬರುವ ಆ ಇನ್ನೊಬ್ಬ ಹಿಡಿದು ಎಳೆಯುತ್ತಿದ್ದಾನೆ. ನಾಲಿಗೆ ಮುಂದಕ್ಕೆ ಹೋಗುತ್ತೆ, ಕಿವಿ ಹಿಂದಕ್ಕೆ ಕರೆಯುತ್ತೆ. ಮಾತೇ ಬಂಡವಾಳವಾಗಿದ್ದ ನಾನು ಒಂದೇ ನಿಮಿಷದಲ್ಲಿ ದಿವಾಳಿ.

ಬಾಗಿಲು ದಡಾರನೆ ತೆರೆಯಿತು. ಸೌಟು ಮೊದಲು ಬಂತು, ಹಿಂದೆಯೇ ಅಮ್ಮ.

"ಅಕ್ಕನ ದನಿ, ಅಕ್ಕನ ಉಗ್ಗು! ಅದೂ ಅವಳ ಎದುರಿಗೇ! ನಾಚಿಕೆ ಆಗಲ್ವೇನೋ ಕತ್ತೆ?"

"ಅಮ್... ಅಮ್ಮ, ನಾ... ನಾನಲ್ಲ... ಡ್ರೈ... ಡ್ರೈವ..." ಹೆಡ್‌ಫೋನ್ ಇನ್ನೂ ತಲೆಯ ಮೇಲೇ ಇತ್ತು, ನೋಡಿ.

"ಮತ್ತೆ ಅದೇ!" ಸೌಟು ಮೇಲೆದ್ದಿತು.

ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಗುತ್ತಲೇ ನನ್ನ ತಲೆಯಿಂದ ಹೆಡ್‌ಫೋನ್ ಕಿತ್ತು, ಅದೇನು ಮಾಯೆ ನೋಡೇಬಿಡೋಣ ಅಂತ ತಾನು ಹಾಕಿಕೊಂಡು, ಮೈಕಿನ ಮುಂದೆ ಬಾಗಿದಳು.

"ಅವನು ಅಣಕಿಸ್ತಾ ಇಲ್ಲಮ್ಮ. ಇದರಲ್ಲಿ ಅವನ ದನಿ ಅವನಿಗೇ ತಡವಾಗಿ ಕೇಳಿಸ್ತಿದೆ, ಅದಕ್ಕೇ ನಾಲಿಗೆ ತಡವರಿಸ್ತಿದೆ."

ಅಮ್ಮ ಸೌಟನ್ನು ಗರಗರ ತಿರುಗಿಸಿ ಮತ್ತೆ ನನ್ನ ಕಡೆಗೇ ಗುರಿಯಿಟ್ಟಳು. "ಈಗ ಅವಳ ಬಾಯಿಂದಲೂ ನೀನೇ ಮಾತಾಡ್ತಿದೀಯಾ? ನಿಲ್ಲಿಸು!"

ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ.

"ಅವನಲ್ಲಮ್ಮ," ಅಂದಳು ಅಕ್ಕ. "ನಾನೇ." ಆಮೇಲೆ ತಾನೇ ಬೆಚ್ಚಿ, ಮೆಲ್ಲಗೆ, "ನಾನೇ ಮಾತಾಡ್ತಿದೀನಿ."

ಸೌಟು ನೆಲಕ್ಕೆ ಬಿತ್ತು. ಮೂವರೂ ಅದನ್ನೇ ನೋಡಿದೆವು. ಆಮೇಲೆ ನಡೆದದ್ದನ್ನು ಸಭ್ಯರ ಮನೆಯಲ್ಲಿ ನಡೆಯುವಂಥದ್ದು ಅನ್ನಲಾರೆ. ಅಕ್ಕ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದತೊಡಗಿದಳು. ಹಾಸಿಗೆಯ ಚೀಟಿ: "ಒಗೆಯಬಾರದು, ಹಿಂಡಬಾರದು, ನೆರಳಿನಲ್ಲಿ ಒಣಗಿಸಿ!" ಕೆಮ್ಮಿನ ಔಷಧಿ ಬಾಟಲಿ: "ಕುಡಿಯುವ ಮುನ್ನ ಚೆನ್ನಾಗಿ ಕುಲುಕಿ!" ಪೆಟ್ಟಿಗೆಯ ಅಡಿಯ ಹದಿನಾರು ಅಂಕಿಗಳನ್ನೂ ಒಂದೇ ಉಸಿರಿಗೆ. ಅಮ್ಮ ಪ್ರತಿ ಚೀಟಿಗೂ ಚಪ್ಪಾಳೆ ತಟ್ಟಿದಳು. ನಾನು ಹಾಸಿಗೆಗೆ ಒರಗಿ ನಕ್ಕೂ ನಕ್ಕೂ ಹಾಸಿಗೆಯೇ ನನ್ನ ಮೇಲೆ ಬಿತ್ತು.

ಅಷ್ಟರಲ್ಲಿ ಲ್ಯಾಪ್‌ಟಾಪ್ 'ಟಿಂಗ್' ಅಂದಿತು. ಹೊಸ ಡ್ರೈವರ್ ಸಿದ್ಧ, ಬಳಸಲೇ? ಹಾಸಿಗೆಯಡಿಯಿಂದ ಕೈ ಚಾಚಿ ಒತ್ತಿಬಿಟ್ಟೆ. ಒತ್ತು ಅಂದದ್ದನ್ನೆಲ್ಲ ಒತ್ತುವುದು ನನ್ನ ಹುಟ್ಟುಗುಣ.

ಅಕ್ಕ ಕಂಬಳಿಯ ಚೀಟಿಯಲ್ಲಿದ್ದಳು. "ಬಿಸಿಲಿಗೆ ಬ್... ಬ್..."

ನಿಂತುಹೋಯಿತು. ನನ್ನ ನಾಲಿಗೆಯನ್ನು ಕಟ್ಟಿ ಅವಳದನ್ನು ಬಿಚ್ಚಿದ್ದ ಕಿವಿಯೊಳಗಿನ ತಡ ಮಾಯವಾಗಿತ್ತು. ದನಿ ಲೋಟ ಲೋಟವಾಗಿ ತಕ್ಷಣ ಬರುತ್ತಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ.

ಗಂಟೆ ನಾಲ್ಕೂ ನಲವತ್ತು. ಹಾಡಿಗೇನೋ ಈ ಡ್ರೈವರೇ ಬೇಕು; ಗಿಟಾರಿನ ಹಿಂದೆ ದನಿ ಓಡಿಬರುವ ಹಾಗಿದ್ದರೆ ಹಾಡುವುದು ಹೇಗೆ? ಅಕ್ಕ ಕಣ್ಣು ಮುಚ್ಚಿ ಹಾಡಿದಳು. ಎರಡನೇ ಸಲಕ್ಕೇ ಮುತ್ತಿನಂತೆ ಬಂತು. ಉಳಿದದ್ದು ಆ ಒಂದು ನಿಮಿಷ. ಹಳೇ ತಡವನ್ನು ವಾಪಸ್ ತರಲು ಕಂಡಕಂಡ ಗುಂಡಿ ಒತ್ತಿದೆ. ತಡ ಎಲ್ಲೂ ಸಿಗಲಿಲ್ಲ, ಹೊತ್ತು ಮಾತ್ರ ಹೋಯಿತು. ಐದೂ ಕಾಲು.

ಅಕ್ಕ ಕಿಸೆಯಿಂದ ಚೀಟಿ ತೆಗೆದು ನನ್ನ ಕಡೆ ಚಾಚಿದಳು. "ನೀನೇ ಹ್... ಹ್..."

ಹೇಳಿಬಿಡು. ಅಷ್ಟೇ ಉಳಿದಿತ್ತು. ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು. ನಾನು ಮುಗಿಸಲಿಲ್ಲ. ಚೀಟಿಯನ್ನು ಅವಳ ಕೈಗೇ ಒತ್ತಿ, ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದೆ.

"ನಮಸ್ಕಾರ ಸರ್! ದನಿ ತಡವಾಗ್ತಿದೆಯಾ ಸರ್?" ಆ ಕಡೆಯವನದು ಬೆಣ್ಣೆ ಸವರಿದ ಗಂಟಲು.

"ಇಲ್ಲ. ತಡ ಆಗ್ತಿಲ್ಲ."

"ಸಂತೋಷ ಸರ್!"

"ಸಂತೋಷ ಅಲ್ಲ ಸ್ವಾಮಿ. ನನಗೆ ತಡ ಬೇಕು. ಇನ್ನೂರು ಮಿಲಿಸೆಕೆಂಡ್."

ಬೆಣ್ಣೆ ಕರಗಿತು. "ಸರ್, ತಡ ಹೋಗಲಿ ಅಂತ ಅತ್ತವರನ್ನ ನೋಡಿದೀನಿ. ತಡ ಬೇಕು ಅಂದವರು ನೀವೇ ಮೊದಲು. ನಮ್ಮ ಡ್ರೈವರಲ್ಲಿ ಅಷ್ಟು ತಡ ಆಗೋಕೆ ಸಾಧ್ಯವೇ ಇಲ್ಲ ಸರ್."

"ಹಾಗನ್ನಬೇಡಿ. ಆರು ಗಂಟೆಗೆ ಕಳಿಸಬೇಕು. ತಡ ಇಲ್ಲದಿದ್ದರೆ ತಡವಾಗತ್ತೆ."

ಆತ ಅಂಗಿಯ ತೋಳು ಮಡಿಸಿದವನ ದನಿಯಲ್ಲಿ ಅಂದ, "ಸೆಟ್ಟಿಂಗ್ಸ್ ತೆಗೀರಿ. ಆಡಿಯೋ. ಡ್ರೈವರ್ ಪಟ್ಟಿಯಲ್ಲಿ ತೀರಾ ಕೆಳಗೆ ಕಂಪ್ಯೂಟರಿನ ಹಳೇದು ಇರುತ್ತೆ, ಅದನ್ನ ಹಾಕಿ. ಬಫರ್ ಅಂತ ಒಂದು ಗೆರೆ ಕಾಣತ್ತಾ? ಅದನ್ನ ಬಲಗಡೆ ತುದಿಗೆ ಎಳೀರಿ. ಹಾಗೆ ಎಳೀಬೇಡಿ ಅಂತ ನಮ್ಮ ಪುಸ್ತಕದಲ್ಲಿ ಕೆಂಪಕ್ಷರದಲ್ಲಿ ಬರೆದಿದೀವಿ."

"ಎಳೆದೆ."

"ದೇವರು ನಿಮಗೆ ಒಳ್ಳೇದು ಮಾಡ್ಲಿ ಸರ್."

"ಹಲೋ," ಅಂದಳು ಅಕ್ಕ ಮೈಕಿಗೆ. ಅವಳ ಮುಖ ಅರಳಿದ್ದನ್ನು ನೋಡಿ ಫೋನಿಟ್ಟೆ. ಐದೂ ನಲವತ್ತೊಂದು. ಅಮ್ಮ ಫ್ರಿಜ್ಜಿನ ವೈರು ಕಿತ್ತು ಬಂದು, ಸೌಟು ತೊಡೆಯ ಮೇಲಿಟ್ಟುಕೊಂಡು ಕೂತಳು. ಕೆಂಪು ದೀಪ ಹತ್ತಿತು.

"ನಮಸ್ಕಾರ. ನಾನು ಕನ್ನಡಕದಂಗಡಿಯಲ್ಲಿ ಕೆಲಸ ಮಾಡ್ತೀನಿ. ಒಂದು ದಿನ ಒಬ್ಬ ಅಜ್ಜ ಮೊದಲ ಸಲ ಕನ್ನಡಕ ಹಾಕ್ಕೊಂಡು ಬಾಗಿಲಾಚೆ ಮರ ನೋಡಿದರು. 'ಅರೆ, ಎಲೆಗಳು ಬೇರೆ ಬೇರೆ ಇವೆಯಲ್ಲ' ಅಂದರು. ಅಷ್ಟು ವರ್ಷ ಅವರಿಗೆ ಮರ ಅಂದರೆ ಒಂದು ಹಸಿರು ಮ್..."

ತಡೆಯಿತು. ತಡವೂ ಒಂದೊಂದು ಸಲ ಕೈಕೊಡುತ್ತದೆ. ಮೋಡ, ಮುದ್ದೆ, ಮಬ್ಬು: ನನ್ನ ತಲೆಯಲ್ಲಿ ಮೂರು ಪದ ತಯಾರಾದವು. ಅಕ್ಕ ನನ್ನ ಕಡೆ ನೋಡದೆಯೇ ಒಂದು ಬೆರಳೆತ್ತಿದಳು. ನಾನು ತುಟಿ ಕಚ್ಚಿ ಹಿಡಿದೆ.

"...ಮೌನ ಆಗಿತ್ತು," ಅಂದಳು.

ನನ್ನ ಮೂರರಲ್ಲಿ ಅದಿರಲಿಲ್ಲ.

"ಆ ತಡೆದದ್ದನ್ನ ಕತ್ತರಿಸಲಾ?" ಮುಗಿದ ಮೇಲೆ ಕೇಳಿದೆ.

"ಬೇಡ. ಅದೂ ನಂದೇ."

ಐದೂ ಐವತ್ತೇಳಕ್ಕೆ ಹಾಡೂ ಮಾತೂ ಹೋದವು. ನಿಧಾನದ ಡ್ರೈವರ್ ಬಗ್ಗೆ ತಾನು ಆಗಲೇ ಹೇಳಿರಲಿಲ್ಲವೇ ಅಂತ ಅಮ್ಮ ಗೋಡೆಗೂ ಹಾಸಿಗೆಗೂ ಹೇಳಿದಳು. ನಾನು ವೈರು ಸುತ್ತಲು ಎದ್ದೆ.

"ಕೂತ್ಕೋ," ಅಂದಳು ಅಕ್ಕ, ಹೆಡ್‌ಫೋನ್ ತೆಗೆಯದೆ. ಪೆಟ್ಟಿಗೆಗೆ ಇನ್ನೊಂದು ಹೆಡ್‌ಫೋನ್ ಚುಚ್ಚಿ ನನ್ನ ತಲೆಗೆ ಸಿಕ್ಕಿಸಿ, ಮೈಕನ್ನು ಇಬ್ಬರ ಮಧ್ಯೆ ಇಟ್ಟಳು. "ಅಮ್ಮ, ಕನ್ನಡಿಯ ಜೋಕು ಈಗ ನಾನು ಹೇಳ್ತೀನಿ. ಇಷ್ಟು ವರ್ಷ ಇವನು ಹೇಳಿದ್ದು ತಪ್ಪು."

"ತಪ್... ತಪ್ಪೇನಿ... ನಿಲ್..." ಅಂದೆ ನಾನು.

"ನೋಡು, ಹೇಗೆ ತೆಪ್ಪಗಾದ. ನಮ್ಮ ಅಂಗಡಿಯ ಕನ್ನಡಿ ಒಡೆದು ಬರೀ ಚೌಕಟ್ಟು ಉಳಿದಿತ್ತಮ್ಮ. ಅದರ ಈ ಕಡೆ ಒಬ್ಬರು ಕನ್ನಡಕ ಹಾಕಿ ನೋಡ್ತಿದ್ದಾರೆ, ಆ ಕಡೆ ಇನ್ನೊಬ್ಬರು. ಇಬ್ಬರಿಗೂ ಕಣ್ಣು ಅಷ್ಟಕ್ಕಷ್ಟೆ. ಈ ಕಡೆಯವರು ಕೂದಲು ಸರಿಮಾಡ್ಕೊಂಡು, 'ಇದು ನನಗೆ ಚೆನ್ನಾಗಿ ಒಪ್ಪತ್ತೆ' ಅಂದರು."

ಅಕ್ಕ ನಿಲ್ಲಿಸಿದಳು. ಉಗ್ಗಿನಿಂದಲ್ಲ. ಬೇಕಂತಲೇ. ಅಮ್ಮನ ಭುಜ ಆಗಲೇ ಕುಲುಕುತ್ತಿತ್ತು. ನಾನು ಉಸಿರು ಬಿಗಿಹಿಡಿದು ಕಾದೆ.

"ಆ ಕಡೆಯವರು, 'ನನಗೂ' ಅಂದರು."