ಎಲ್ ತನಕ ಅವರದು

ನಮ್ಮ ಮನೆ ಎರಡಾದ ದಿನ ಎತ್ತು, ಬಂಡಿ, ಹಂಡೆ, ಹಗ್ಗ ಎಲ್ಲ ಹಂಚಿದ ಮೇಲೆ ಒಂದು ಡಿಕ್ಷನರಿ ಉಳಿಯಿತು. ಗೋಕಾಕದ ಸಾಹೇಬನೊಬ್ಬ ನಲವತ್ತೇಳರಲ್ಲಿ ವಿಲಾಯತಿಗೆ ಹೊರಟಾಗ, ಬಂಗಲೆ ಕಾಯುತ್ತಿದ್ದ ನಮ್ಮಜ್ಜನ ಕೈಗೆ ಕೊಟ್ಟು ಹೋಗಿದ್ದು. ಇಂಗ್ಲಿಷ್ ಶಬ್ದದ ಉಚ್ಚಾರವೂ ಅರ್ಥವೂ ಕನ್ನಡದಲ್ಲಿ ಅಚ್ಚಾಗಿದ್ದವು. ಇಡೀ ಕುಲಗೋಡದಲ್ಲಿ ಅಂಥ ಪುಸ್ತಕ ಅದೊಂದೇ. ಅದು ಅಪ್ಪನಿಗೂ ಬೇಕು, ಕಾಕಾನಿಗೂ ಬೇಕು. ಓದಲು ಇಬ್ಬರಿಗೂ ಬರುತ್ತಿರಲಿಲ್ಲ.

ವಾಟ್ನಿ, ಅಂದರೆ ಮನೆಯ ಪಾಲು, ಮಾಡಲು ಕುಳಿತಿದ್ದ ಊರ ಹಿರಿಯ ಶಿದ್ರಾಮ, ಹಗ್ಗ ಕೊಯ್ದ ಕುಡಗೋಲನ್ನೇ ಮತ್ತೆ ಎತ್ತಿಕೊಂಡ.

“ಇದಕ್ಯಾಕ ಜಗಳಾ? ಸಮ ಮಾಡಿದ್ರ ಆತು.”

ಪುಸ್ತಕದ ಬೆನ್ನು ಸೀಳಿದ. ಎ ಇಂದ ಎಲ್ ತನಕ ಕಾಕಾನ ಪಾಲು, ಎಮ್ ಇಂದ ಝಡ್ ತನಕ ನಮ್ಮ ಪಾಲು. ಸುತ್ತ ನಿಂತವರು ನ್ಯಾಯ ಚೊಕ್ಕ ಆಯಿತು ಅಂದರು. ಒಬ್ಬನಾದರೂ ಆ ಮುದುಕನ ಕೈ ಹಿಡಿದು ತಡೆಯಲಿಲ್ಲ. ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ.

ಆ ವರ್ಷವೇ ನಾನು ಶಾಲೆ ಬಿಟ್ಟು ಕಬ್ಬು ಕಡಿಯಲು ಹೋದೆ. ಕಾಕಾನ ಮಗ ಕೇದಾರಿಯೂ ಬಿಟ್ಟ. ಅವನು ಗೋಡೆಯ ಆ ಕಡೆ ಎ, ಬಿ, ಸಿ ಶಬ್ದಗಳನ್ನು ಬಾಯಿಪಾಠ ಮಾಡುತ್ತಿದ್ದ. ನಾನು ಈ ಕಡೆ ಎಮ್, ಎನ್, ಓ. ಎರಡು ಮನೆಗಳ ನಡುವೆ ಮಾತಿರಲಿಲ್ಲ, ನೀರಿನ ಬಳಕೆಯೂ ಇರಲಿಲ್ಲ.

ಹೀಗಿರುವಾಗ, ಹುಕ್ಕೇರಿಯಲ್ಲಿ ಕಾಲುವೆ ಕೆಲಸದ ಉಗ್ರಾಣಕ್ಕೆ ಒಬ್ಬ ಆಳು ಬೇಕು ಎಂದು ಸುದ್ದಿ ಬಂತು. ಪೆಟ್ಟಿಗೆಗಳ ಮೇಲಿನ ಇಂಗ್ಲಿಷ್ ಓದಿ ಸಾಮಾನು ಜೋಡಿಸಿಡಬೇಕು. ಸರ್ಟಿಫಿಕೇಟ್ ಬೇಡ, ಓವರ್ಸೀಯರ್ ಶಬ್ದ ಕೇಳುತ್ತಾರೆ, ಅರ್ಥ ಹೇಳಿದವನಿಗೆ ಕೆಲಸ. ನನಗೆ ಅದು ಬೇಕೇ ಬೇಕಿತ್ತು. ಕಬ್ಬಿನ ಒಣಗರಿಯ ರವದಿಯಲ್ಲಿ ಕೈ ಕೊಯ್ದುಕೊಂಡು, ಕಂಡವರ ಹೊಲದಲ್ಲಿ ‘ಏ, ಬಾ ಇಲ್ಲಿ’ ಅನ್ನಿಸಿಕೊಂಡು ಮುದುಕನಾಗಲು ನನಗೆ ಮನಸ್ಸಿರಲಿಲ್ಲ.

ಕೇದಾರಿ ಗೋಡೆಯ ಮೇಲಿಂದ ಕತ್ತು ಚಾಚಿದ.

“ಸತ್ತೆಪ್ಪಾ, ನೀನೂ ಹೊಂಟೀದಿ, ನಾನೂ ಹೊಂಟೇನಿ. ಅರ್ಧ ಕಲತು ಹ್ವಾದ್ರ ಇಬ್ರನ್ನೂ ಓಡಸ್ತಾರ.”

“ಪುಸ್ತಕ ಕೊಡಾಂಗಿಲ್ಲ.”

“ನಿನ್ನ ಪುಸ್ತಕ ಯಾವಾವ ಕೇಳ್ಯಾನ? ಪಾಲ ಆದ ಸಾಮಾನು ಗ್ವಾಡಿ ದಾಟಿದ್ರ ನಮ್ಮವ್ವ ನನ್ನ ಹೂಳ್ತಾಳ. ಬಾಯಿಲೆ ಹೇಳು. ನೀ ಒಂದು, ನಾ ಒಂದು.”

ಹಾಗೇ ಶುರುವಾಯಿತು. ಅವನು ‘ಡಿ’ ಅಕ್ಷರದ ಒಂದು ಶಬ್ದ ಹೇಳಿದರೆ ನಾನು ‘ಆರ್’ ಅಕ್ಷರದ್ದೊಂದು ಹೇಳಬೇಕು. ಡಸ್ಟ್ ಅಂದರೆ ಧೂಳು. ರೋಪ್ ಅಂದರೆ ಹಗ್ಗ. ಡ್ರೈ ಅಂದರೆ ಒಣಗಿದ್ದು. ರಸ್ಟ್ ಅನ್ನುವಾಗ ‘ಬೆಲ್ಲ’ ಅಂದುಬಿಡಲೇ ಅನಿಸಿತು. ಓವರ್ಸೀಯರ್ ಮುಂದೆ ನಗೆಪಾಟಲಾಗಲಿ ಮಗ! ಆದರೆ ಬಾಯಿಂದ ‘ತುಕ್ಕು’ ಎಂದೇ ಬಂತು. ಬಂದ ಮೇಲೆ ಹೆದರಿಕೆ ಹತ್ತಿತು. ನನಗೆ ಹೊಳೆದ ಮೋಸ ಅವನಿಗೆ ಹೊಳೆಯದೆ ಇದ್ದೀತೇ?

‘ಕೆ’ ಬಂದಾಗ ಅವನು, “ಕಿನ್. ಅಂದ್ರ ರಕ್ತಸಂಬಂಧಿಕರು” ಅಂದ. ಅಂದವನೇ ಕಿಸಕ್ಕನೆ ನಕ್ಕ.

“ಯಾಕ ನಗತಿ?”

“ಏನಿಲ್ಲ ಬಿಡು. ಮುಂದಿಂದ ಹೇಳು.” ಬಾಯಿಗೆ ಇನ್ನೂ ಕೈ ಅಡ್ಡ ಹಿಡಿದಿದ್ದ.

ಹುಕ್ಕೇರಿಗೆ ಒಂದೇ ಬಸ್ಸಿನಲ್ಲಿ ಹೋದೆವು; ಅವನು ಮುಂದಿನ ಸೀಟಿನಲ್ಲಿ, ನಾನು ಹಿಂದಿನದರಲ್ಲಿ. ಓವರ್ಸೀಯರ್ ಉಗ್ರಾಣದ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡಿದ್ದರು. ನನ್ನ ಕಂಕುಳಲ್ಲಿದ್ದ ಪುಸ್ತಕ ಎಳೆದುಕೊಂಡು ತಿರುವಿದರು.

“ಏನಪಾ, ಇದಕ್ಕ ತಲಿನ ಇಲ್ಲ!”

“ವಾಟ್ನ್ಯಾಗ ಹೋತ್ರಿ.”

ನಿಂತವರೆಲ್ಲ ಗೊಳ್ಳೆಂದರು. ನನ್ನ ಕಿವಿ ಕಾದವು.

“ಹಂಗಾರ ಹೋದ ತಲ್ಯಾಗಿಂದನ ಕೇಳ್ತೇನಿ. ಬಕೆಟ್?”

“ಬಾಲ್ದಿರಿ.”

“ಡಸ್ಟ್?”

“ಧೂಳರಿ.”

“ಹ್ಯಾಮರ್?”

“ಸುತ್ತಿಗಿರಿ.”

ಎಲ್ಲ ಕೇದಾರಿ ಹೇಳಿದ್ದು, ಎಲ್ಲ ಸರಿ. ಓವರ್ಸೀಯರ್ ಹುಬ್ಬು ಏರಿಸಿದರು. ಸುತ್ತಲಿನ ನಗು ನಿಂತಿತು.

“ಕೆ ಒಳಗಿಂದು ಒಂದು. ಕಿನ್?”

ಆ ಕಿಸಕ್ಕನೆ ನಕ್ಕ ನಗೆ ಕಿವಿಯಲ್ಲಿ ಕೇಳಿಸಿತು. ಪಕ್ಕದಲ್ಲಿ ನಿಂತ ಕೇದಾರಿ, ಹೇಳು ಹೇಳು ಅನ್ನುವಂತೆ ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದ. ಬೀಳಲಿ ಅಂತ ಕಾಯಾಕತ್ತಾನ ಸೂಳಿಮಗ, ಅಂದುಕೊಂಡೆ. ರಕ್ತಸಂಬಂಧಿಕರು! ಅಷ್ಟು ದೊಡ್ಡ ಮಾತಿಗೆ ಇಷ್ಟೇ ಇಷ್ಟು ಶಬ್ದವೇ? ಸುಳ್ಳು ಅರ್ಥ ಹೇಳಿಕೊಟ್ಟಿದ್ದಾನೆ ಅನಿಸಿತು.

“ಏನಪಾ? ಹೇಳ್ತಿಯೋ ಇಲ್ಲೋ?”

“ಗೊತ್ತಿಲ್ರಿ.”

ಕೇದಾರಿಯ ಸರದಿ ಬಂತು. ಅವನ ಕೈಯಲ್ಲಿದ್ದ ಪುಸ್ತಕದ ತಲೆ ನೋಡಿ ನಕ್ಕು, ಓವರ್ಸೀಯರ್ ಬಾಲದಿಂದ ಕೇಳಿದರು. ನೇಲ್. ರೋಪ್. ಆಮೇಲೆ ರಸ್ಟ್.

“ತುಕ್ಕರಿ.”

ಅವನು ಉಸಿರು ಕೂಡ ಹಿಡಿಯಲಿಲ್ಲ. ನಾನು ಕೊಟ್ಟ ಅರ್ಥವನ್ನು ಕೊಟ್ಟ ಹಾಗೇ ಇಟ್ಟುಬಿಟ್ಟ.

“ನಾಳಿಂದ ಬಾ,” ಅಂದರು ಓವರ್ಸೀಯರ್.

ಬಸ್ ನಿಲ್ಲುವಲ್ಲಿಗೆ ಕೇದಾರಿ ಓಡುತ್ತ ನನ್ನ ಹಿಂದೆ ಬಂದ.

“ಕಿನ್ ಯಾಕ ಹೇಳಲಿಲ್ಲೋ? ನಾ ಹೇಳಿದ್ನಲ್ಲ?”

ಅವನ ಅಂಗಿ ಹಿಡಿದೆ. “ಸುಳ್ಳ ಹೇಳಿ ನಕ್ಕಿದ್ದಿ ನೀ!”

“ಸುಳ್ಳ? ಲೇ, ನಿನ್ನ ಬೆನ್ನ ಹಿಂದ ನಿಮ್ಮ ಎಮ್ಮಿ ಉದ್ದವ್ವ ದೊಡ್ಡವ್ವನ ಸೀರಿ ತಿನ್ನಾಕತ್ತಿತ್ತು! ಅಂದಿದ್ರ ನೀ ಎಮ್ಮಿ ಕಡೆ ಓಡ್ತಿದ್ದಿ, ಪಾಠ ನಿಲ್ತಿತ್ತು.”

ಅವನ ದೊಡ್ಡವ್ವ ಅಂದರೆ ನಮ್ಮವ್ವ; ಆ ದಿನ ಅವಳು ಅರ್ಧ ಸೀರೆ ಹಿಡಿದುಕೊಂಡು ಇಡೀ ಓಣಿಗೆ ಕೇಳುವಂತೆ ಬೈದಿದ್ದಳು. ಅಂಗಿ ಹಿಡಿದ ಕೈ ಸಡಿಲಾಯಿತು. ಸಿಟ್ಟು ಸಡಿಲಾಗಲಿಲ್ಲ, ಎತ್ತ ಹೋಗಬೇಕೆಂದು ಅದಕ್ಕೆ ತಿಳಿಯಲಿಲ್ಲ, ಅಷ್ಟೇ.

ಗೋಕಾಕದ ಬಸ್ಸು ಬಂತು. ಹತ್ತಿ ಕುಳಿತೆ. ಕೇದಾರಿ ಕಿಟಕಿಯಿಂದ ತನ್ನ ಅರ್ಧವನ್ನು ಒಳಗೆ ತೂರಿದ.

“ಹಿಡಿ. ಇಲ್ಲಿ ಗ್ವಾಡಿನೂ ಇಲ್ಲ, ನಮ್ಮವ್ವನೂ ಇಲ್ಲ. ಇನ್ನೊಬ್ಬ ಆಳ ಬೇಕಾದ್ರ ಹೇಳಿ ಕಳಸ್ತೇನಿ.”

ಕಸಿದುಕೊಂಡೆ. ಎರಡೂ ಅರ್ಧ ತೊಡೆಯ ಮೇಲಿದ್ದವು. ಥ್ಯಾಂಕ್ಸ್ ಅನ್ನುವ ಶಬ್ದ ‘ಟಿ’ ಒಳಗೆ, ನನ್ನ ಪಾಲಿನಲ್ಲೇ ಇತ್ತು. ಬಸ್ಸು ಹೊರಟರೂ ಅದನ್ನು ಅನ್ನಲಿಲ್ಲ.