ಬಿಳಿ ಮರಳು, ಹಳದಿ ಟೋಕನ್

"ಏನಮ್ಮಾ, ನಿಂದೇನು ಹೊಟ್ಟೆನಾ, ತೂತು ಬಿದ್ದಿರೋ ಟ್ಯಾಂಕಾ? ಬಸ್ ಇಳಿದು ಇನ್ನೂ ಒಂದು ಫೋಟೋ ಆಗಿಲ್ಲ, ಆಗ್ಲೇ ಶುರು!"

ರುದ್ರೇಶ್ ಸಾರ್ ಎಳನೀರಿನ ಸ್ಟ್ರಾ ಬಾಯಲ್ಲಿಟ್ಟುಕೊಂಡೇ ಬೈಯುತ್ತಿದ್ದರು. ಅದು ಅವರ ಎರಡನೆಯ ಎಳನೀರು. ಎದುರಿಗೆ ಅನುಸೂಯಮ್ಮ ಸೀರೆಯ ನೆರಿಗೆ ಹಿಡಿದುಕೊಂಡು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದರು.

"ಟೋಕನ್ ಕೊಡಿ ಸಾ. ಇಂಗೋಗಿ ಅಂಗ್ ಬಂದ್ಬುಡ್ತೀನಿ."

"ಫೋಟೋ ಆದ್ಮೇಲೆ."

ಪೀಣ್ಯದ ನಮ್ಮ ಗಾರ್ಮೆಂಟ್ಸ್‌ನಲ್ಲಿ ಒಂದು ಲೈನಿಗೆ ಒಂದೇ ಟೋಕನ್. ಹಳದಿ ಬಣ್ಣ ಹೊಡೆದ ಮರದ ತುಂಡು. ಅದು ಕೈಯಲ್ಲಿದ್ದವಳು ಮಾತ್ರ ಟಾಯ್ಲೆಟ್ಟಿಗೆ ಹೋಗಬಹುದು. ಅವಳು ಬಂದು ಕೊಟ್ಟರೆ ಇನ್ನೊಬ್ಬಳು. ನಮ್ಮ ಫ್ಲೋರ್ ಇನ್‌ಚಾರ್ಜ್ ರುದ್ರೇಶ್ ಸಾರ್ ಅದನ್ನು ಘಟ್ಟ ಇಳಿಸಿ ಸಮುದ್ರದವರೆಗೂ ತಂದಿದ್ದರು. ಡಿಸಿಪ್ಲಿನ್ನಿಗೆ ರಜೆ ಇಲ್ಲವಂತೆ.

ಹೋದ ತಿಂಗಳು ಟೋಕನ್ ಬರುವುದು ತಡವಾಗಿ ಅನುಸೂಯಮ್ಮ ಮಷಿನ್ನಿನ ಮುಂದೆಯೇ ಸೀರೆ ಒದ್ದೆ ಮಾಡಿಕೊಂಡಿದ್ದರು. ಸಾರ್ ಲೈನ್ ನಿಲ್ಲಿಸಿ, ಎಲ್ಲರೂ ನೋಡುವಂತೆ ಅವರ ಕೈಯಲ್ಲೇ ನೆಲ ಒರೆಸಿಸಿದರು. ಒರೆಸುವಾಗ ಅನುಸೂಯಮ್ಮ ನಮ್ಮನ್ನೆಲ್ಲ ನೋಡಿ ಒಂದು ನಗೆ ನಕ್ಕರು. ಅಂದಿನಿಂದ ಕೆಲಸದ ದಿನ ಅವರು ನೀರು ಮುಟ್ಟುವುದಿಲ್ಲ. ಇವತ್ತು ಪ್ರವಾಸವೆಂದು ಧೈರ್ಯವಾಗಿ ಕುಡಿದಿದ್ದರು.

ಪ್ರವಾಸವೇನೂ ನಮ್ಮ ಮೇಲಿನ ಪ್ರೀತಿಗಲ್ಲ. ನಾವು ಹೊಲಿಯುವುದು ಬೀಚಿನಲ್ಲಿ ತೊಡುವ ಚಡ್ಡಿಗಳನ್ನು. ಅವನ್ನು ಕೊಳ್ಳುವ ಹೊರದೇಶದ ಬಯರಿಗೆ ನಗುವ ಕೆಲಸಗಾರರ ಫೋಟೋ ಬೇಕಿತ್ತು. ಹಾಗಾಗಿ ಮೇ ತಿಂಗಳ ಬಿಸಿಲಿನಲ್ಲಿ ನಮ್ಮ ಲೈನಿನ ಹೆಂಗಸರೆಲ್ಲ ಕಂಪನಿಯ ಟೋಪಿ ಹಾಕಿಕೊಂಡು ಇಲ್ಲಿ ನಿಂತಿದ್ದೆವು. ಮರಳು ಆಗಷ್ಟೇ ಬಿಚ್ಚಿದ ಬಟ್ಟೆಯ ಥಾನಿನಂತೆ ಬೆಳ್ಳಗೆ ಹರಡಿತ್ತು. ಜಾತ್ರೆಯಷ್ಟು ಜನ. ಎಲ್ಲರೂ ನೀರಿನಲ್ಲಿ.

"ಎಲ್ರೂ ಕೇಳಿಸ್ಕೊಳ್ಳಿ. ಒಬ್ರೂ ನೀರಿಗೆ ಇಳಿಯಂಗಿಲ್ಲ. ಸೀಟ್ ಒದ್ದೆ ಆದ್ರೆ ಬಸ್ ಓನರ್ ನನಗೆ ಉಗೀತಾನೆ. ಒದ್ದೆ ಆದೋರು ಪೀಣ್ಯದವರೆಗೂ ನಿಂತ್ಕೊಂಡೇ ಬರ್ಬೇಕು, ಹೇಳಿದೀನಿ."

"ಮದ್ವೆ ಮಾಡ್ಸಿ ಗಂಡನ್ನ ಮುಟ್ಬ್ಯಾಡ ಅಂದಂಗಾಯ್ತು, ನನ್ಮಗಂದು," ಎಂದಳು ಪಕ್ಕದಲ್ಲಿದ್ದ ವನಜಾ.

ನನಗೆ ನಗು ಬಂತು. ಆದರೆ ಮೊದಲು ಸಾರ್‌ಗೆ ಕೇಳಿಸಿತೇನೋ ಎಂದು ನೋಡಿದೆ. ನಗುವ ಮುಂಚೆ ಸುತ್ತ ನೋಡುವುದು ನನ್ನ ಅಭ್ಯಾಸ. ನಾನು ಬಿ.ಕಾಂ. ಓದಿದವಳು, ಲೈನಿನಲ್ಲಿ ಚೆಕರ್. ಕೆಲಸ ಇನ್ನೂ ಕಾಯಂ ಆಗಿಲ್ಲ. ಕಾಯಂ ಮಾಡುವ ಸಹಿ ರುದ್ರೇಶ್ ಸಾರ್ ಅವರದು.

ಕಂಪನಿ ಗೊತ್ತುಮಾಡಿದ್ದ ಫೋಟೋಗ್ರಾಫರ್ ಕ್ಯಾಮೆರಾ ಇಳಿಸಿ ತಲೆ ಕೆರೆದುಕೊಂಡ. "ಸಾರ್, ಎಲ್ಲಾ ಪೊಲೀಸ್ ಸ್ಟೇಷನ್‌ನಲ್ಲಿ ನಿಂತಂಗೆ ನಿಂತವ್ರೆ. ಸ್ವಲ್ಪ ಫನ್ ಬೇಕು ಸಾರ್. ಅಲ್ನೋಡಿ."

ಅಲ್ಲಿ ಕಾಲೇಜು ಹುಡುಗರು ಗೆಳೆಯನೊಬ್ಬನನ್ನು ಕುತ್ತಿಗೆಯವರೆಗೆ ಮರಳಿನಲ್ಲಿ ಹೂತು ಕುಣಿಯುತ್ತಿದ್ದರು.

"ಹಂಗೆ ನಿಮ್ಮನ್ನ ಹೂತಾಕ್ಲಿ. ಬಾಸ್ ಜೊತೆ ವರ್ಕರ್ಸ್ ಆಟ! ಬಯರ್ ಫಿದಾ ಆಗೋಗ್ತಾನೆ."

ಸಾರ್ ಹೊಟ್ಟೆ ಎಳೆದುಕೊಂಡು ಯೋಚಿಸಿದರು. ನಂತರ ಜೇಬಿನಲ್ಲಿದ್ದ ಮೊಬೈಲು, ಬಾಚಣಿಗೆ, ಟೋಕನ್ ಎಲ್ಲ ತೆಗೆದು ನನ್ನ ಕೈಗಿತ್ತರು. "ಓದಿದೋಳು ನೀನು, ಜೋಪಾನ. ತಲೆಕೂದಲಿಗೆ ಮಾತ್ರ ಮರಳು ಬೀಳಬಾರ್ದು."

ಟೋಕನ್ ನನ್ನ ಅಂಗೈಯಲ್ಲಿತ್ತು. ಅನುಸೂಯಮ್ಮ ಅದನ್ನು ನೋಡಿದರು, ನಾನು ಸಾರ್ ಅವರನ್ನು ನೋಡಿದೆ. ಅವರು ಬೇಡವೆಂದು ಬೆರಳಾಡಿಸಿದರು.

ಗುಂಡಿ ತೋಡಿದ್ದಾಯಿತು. ಸಾರ್ ಒಳಗೆ ಮಲಗಿದರು. ಮಲಗಿದ ಕೂಡಲೇ ಅಭ್ಯಾಸಬಲದಿಂದ ಕೂಗಿದರು: "ಏನ್ರೇ ಗುಂಪು ಕಟ್ಕೊಂಡಿದೀರಾ? ಲೈನ್ ಹಾಕ್ಕೊಳ್ಳಿ!"

ಲೈನ್ ಹಾಕಿಕೊಂಡೆವು. ಇಬ್ಬರು ಒದ್ದೆ ಮರಳು ತೋಡಿದರು, ನಾಲ್ವರು ಸೆರಗಿನಲ್ಲಿ ಸಾಗಿಸಿದರು, ವನಜಾ ತಟ್ಟಿ ಗಟ್ಟಿ ಮಾಡಿದಳು.

"ಎಡಗಡೆ ಯಾಕೆ ಸ್ಲೋ? ಮೊಣಕಾಲ್ ಹತ್ರ ಪೀಸ್ ನಿಂತೋಗಿದೆ ನೋಡು! ವನಜಾ, ಕೈ ಆಡ್ಸೇ!"

"ಆಡುಸ್ತಾವ್ನಿ ಸಾ. ನೀವ್ ಒಸಿ ಬಾಯ್ ಮುಚ್ಕಳಿ, ಮಳ್ಳು ಒಳೀಕ್ ಓಯ್ತದೆ."

ತನ್ನನ್ನು ತಾನೇ ಇಷ್ಟು ಚುರುಕಾಗಿ ಹೂಳಿಸಿಕೊಂಡ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಅನುಸೂಯಮ್ಮ ತೊಡೆ ಬಿಗಿಹಿಡಿದು, ಪುಟ್ಟ ಹೆಜ್ಜೆಯಿಡುತ್ತ ಮರಳು ಹೊರುತ್ತಿದ್ದರು. ಹಣೆಯಲ್ಲಿ ಬೆವರು.

"ಸಾ, ಇನ್ನಾಗಕಿಲ್ಲ ಸಾ. ಈಗ್ಲಾದ್ರೂವೆ..."

"ನಿನ್ನ ಉಚ್ಚೆ ಪುರಾಣ ಬಯರಿಗೆ ಕಳಿಸ್ಬೇಕಾ? ಕ್ಯಾಮೆರಾ ನೋಡು. ನಗು!"

ಅನುಸೂಯಮ್ಮ ನಕ್ಕರು. ನೆಲ ಒರೆಸುವಾಗ ನಕ್ಕಿದ್ದ ಅದೇ ನಗು.

"ವೇಣಿ, ಚೆಕ್ ಮಾಡು. ಕ್ವಾಲಿಟಿ ಮುಖ್ಯ."

ನಾನು ಮಂಡಿಯೂರಿದೆ. ಎಡಗೈಯ ಕಡೆ ಮರಳು ಬಿರುಕುಬಿಟ್ಟಿತ್ತು, ಕೆಳಗೆ ಬೆರಳುಗಳು ಮಿಸುಕಾಡುತ್ತಿದ್ದವು. ಲೈನಿನಲ್ಲಿ ಇಂಥ ಪೀಸು ಸಿಕ್ಕರೆ ವಾಪಸು ಕಳಿಸುತ್ತೇನೆ.

"ಎಡಗೈ ಲೂಸಿದೆ," ಎಂದೆ. "ಮತ್ತೆ ಮಾಡ್ಬೇಕು."

ವನಜಾ ನನ್ನ ಮುಖ ನೋಡಿದಳು. ಆಮೇಲೆ ಎರಡು ಸೆರಗು ಒದ್ದೆ ಮರಳು ತಂದು ಸುರಿದು, ಎರಡೂ ಕೈಯಿಂದ ಗುದ್ದಿದಳು. ನಾನು ಒತ್ತಿ ನೋಡಿದೆ. ಕಲ್ಲು.

"ಪಾಸ್."

ಫೋಟೋಗಳಾದವು. ಫೋಟೋಗ್ರಾಫರ್ ಬೇರೆ ಬ್ಯಾಟರಿ ತರಲು ಬಸ್ಸಿನ ಕಡೆ ನಡೆದ.

"ಆಯ್ತಲ್ಲ, ತೆಗೀರಿ ನನ್ನ," ಎಂದರು ಸಾರ್.

ಯಾರೂ ಬಗ್ಗಲಿಲ್ಲ. ಅನುಸೂಯಮ್ಮ ಆಗಲೇ ಬೆನ್ನು ತಿರುಗಿಸಿ ನೀರಿನ ಕಡೆ ಹೊರಟಿದ್ದರು.

"ಏಯ್ ಮುದುಕಿ! ಒದ್ದೆ ಆದ್ರೆ ಸೀಟಿಲ್ಲ!"

"ನಿಂತ್ಕಂಡೇ ಬತ್ತೀನಿ ಬುಡಿ ಸಾ. ಮಷಿನ್ ಮುಂದೆ ಕುಂತೂ ಕುಂತೂ ಸಾಕಾಗೋಯ್ತು."

ವನಜಾ ಸೀರೆ ಎತ್ತಿಕಟ್ಟಿ ಓಡಿದಳು. ಅವಳ ಹಿಂದೆ ಇಡೀ ಲೈನು. ಟೋಪಿಗಳು ಮರಳಿನ ಮೇಲೆ ಉರುಳಿದವು.

ನಾನೊಬ್ಬಳೇ ಉಳಿದೆ.

"ವೇಣಿ, ಅವ್ರಿಗೆ ಬುದ್ಧಿ ಇಲ್ಲ, ನಿನಗಾದ್ರೂ ಇದೆ. ನಿನ್ನ ಕನ್ಫರ್ಮೇಷನ್ ನನ್ನ ಟೇಬಲ್ ಮೇಲೇ ಇದೆ. ಕೈ ಬಿಡಿಸು."

ನಾನು ಸುತ್ತ ನೋಡಿದೆ. ಅಲೆ ಬಂದು ಮುಟ್ಟಿ ಹೋದ ಗುರುತು ಬಹಳ ಕೆಳಗಿತ್ತು. ನೀರು ಇಲ್ಲಿಗೆ ಬರುವಂತಿರಲಿಲ್ಲ. ತಲೆಯ ಮೇಲೆ ಗಾಳಿಮರದ ನೆರಳಿತ್ತು. ಫೋಟೋಗ್ರಾಫರ್ ಹೇಗೂ ವಾಪಸು ಬರುತ್ತಾನೆ. ಇನ್ನು ಹೆದರಲು ಉಳಿದದ್ದು ಮತ್ತೆ ಕೆಲಸಕ್ಕೆ ಹೋಗುವ ಸೋಮವಾರ ಒಂದೇ.

ಸಾರ್ ದನಿ ಇಳಿಯಿತು. "ವೇಣಿ... ನೋಡಮ್ಮಾ. ಎರಡು ಎಳನೀರು ಕುಡಿದುಬಿಟ್ಟಿದೀನಿ. ತುಂಬಾ ಅರ್ಜೆಂಟು."

ಅವರ ಮೊಬೈಲು, ಬಾಚಣಿಗೆಗಳನ್ನು ಟೋಪಿಯೊಂದರಲ್ಲಿ ಹಾಕಿ ಪಕ್ಕಕ್ಕಿಟ್ಟೆ. ಟೋಕನ್ನನ್ನು ಅವರ ಗದ್ದದ ಮುಂದೆ, ಚೆನ್ನಾಗಿ ಕಾಣುವಂತೆ ಮರಳಿನಲ್ಲಿ ನೆಟ್ಟಗೆ ನಿಲ್ಲಿಸಿದೆ.

"ತಗೊಳ್ಳಿ ಸಾರ್. ನಿಮ್ಮ ಸರದಿ."

ಹಿಂದಿನಿಂದ ಬಂದ ಬೈಗುಳದಲ್ಲಿ ನನ್ನ ತಾಯಿಯೂ ಇದ್ದಳು, ಅವಳ ತಾಯಿಯೂ ಇದ್ದಳು. ನಾನು ಓಡಲಿಲ್ಲ. ನಡೆದೇ ಹೋದೆ.

ಅನುಸೂಯಮ್ಮ ದಡದ ಹತ್ತಿರವೇ, ಮೊಣಕಾಲುದ್ದದ ನೀರಿನಲ್ಲಿ ಕೂತುಬಿಟ್ಟಿದ್ದರು. ನೀರು ಕುತ್ತಿಗೆಗೆ ಬರುತ್ತಿತ್ತು. ಕಣ್ಣು ಮುಚ್ಚಿತ್ತು, ತುಟಿ ಬಿಗಿದಿತ್ತು. ಅಲೆಗೆ ಹೆದರಿದರೇನೋ ಎಂದು ನಾನು ಕೈ ಚಾಚಿದೆ.

ನಿಧಾನವಾಗಿ ಆ ಮುಖ ಬಿಚ್ಚಿಕೊಂಡಿತು. ಕಣ್ಣು ತೆರೆದು ನಕ್ಕರು. ಈ ನಗುವನ್ನು ನಾನು ಹಿಂದೆ ನೋಡಿರಲಿಲ್ಲ.

"ಸಾ!" ದಡಕ್ಕೆ ಕೇಳುವಂತೆ ಕೂಗಿದರು. "ಟೋಕನ್ ಇಲ್ದಂಗೇ ಉಯ್ದ್ಬುಟ್ಟೆ ಕಣ್ ಸಾ!"

"ಅಯ್ಯೋ ನಿನ್ ಮನೆ ಕಾಯ್ವಾಗ, ಪಕ್ಕದಾಗೇ ನಾನಿವ್ನಲ್ಲೇ ಮುದ್ಕಿ!" ಎಂದು ವನಜಾ ಚೀರಿ ಹಾರಿದಳು. ಇಡೀ ಲೈನು ನೀರಿಗೆ ಬಿದ್ದು ನಕ್ಕಿತು.

ನಾನೂ ನಕ್ಕೆ. ನಕ್ಕ ಮೇಲೆ ತಿರುಗಿ ನೋಡಿದೆ. ಬಿಳಿ ಮರಳಿನ ಮೇಲೆ ಕಪ್ಪಗೆ ಒಂದು ತಲೆ. ಅದರ ಮುಂದೆ ಹಳದಿ ಚುಕ್ಕಿ. ತಲೆ ಅತ್ತಿತ್ತ ಆಡುತ್ತಿತ್ತು. ಚುಕ್ಕಿ ಆಡುತ್ತಿರಲಿಲ್ಲ.