ನಾದಿನಿಯ ತಲೆಗೆ ಬಿದ್ದ ಪೆಟ್ಟು

ನಾದಿನಿಯನ್ನು ಬಾಕ್ಸಿಂಗ್ ಕಲಿಯಲು ಕರೆದುಕೊಂಡು ಹೋದವಳು ನಾನೇ. ಒಬ್ಬಳೇ ಹೋಗಲು ಸಂಕೋಚ, ಜೊತೆಗಿರಲಿ ಅಂತ ಎಳೆದುಕೊಂಡು ಹೋದೆ. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂರುವ ನಾನು ತಿಂಗಳುಗಟ್ಟಲೆ ಒದ್ದಾಡಿ ಕಲಿತದ್ದನ್ನು ಅವಳು ಆಟವಾಡುತ್ತಲೇ ಕಲಿತುಬಿಟ್ಟಳು. ಮೇಷ್ಟ್ರ ಬಾಯಲ್ಲಿ ಅವಳದೇ ಜಪ. ಮನೆಯಲ್ಲಿ ನನ್ನ ಗಂಡ, "ನನ್ನ ತಂಗಿ ಅಂದ್ರೆ ಸುಮ್ನೇನಾ?" ಎಂದು ಮೀಸೆ ತಿರುವುತ್ತಿದ್ದ. ಕತ್ತರಿ ನನ್ನ ಕೈಯಲ್ಲೇ ಇರುತ್ತಿತ್ತು. ಆ ಮೀಸೆ ಇನ್ನೂ ಉಳಿದಿರುವುದು ಅವನ ಪುಣ್ಯ.

ಭಾನುವಾರದ ಪಂದ್ಯಕ್ಕೆ ನಮ್ಮ ತೂಕದವರಲ್ಲಿ ಒಬ್ಬರಿಗೇ ಜಾಗ. ಮೇಷ್ಟ್ರು ಅವಳನ್ನು ಆರಿಸಿದರು. "ನೀವು ನೀರಿನ ಬಾಟ್ಲಿ ಹಿಡ್ಕೊಳ್ಳಿ, ಅತ್ತಿಗೆ ತಾನೆ" ಎಂದು ನಕ್ಕರು ಬೇರೆ. ನನಗೆ ಮೈಯೆಲ್ಲ ಉರಿಯಿತು. ಅಂದಿನಿಂದ ಅಭ್ಯಾಸದಲ್ಲೂ ಬಾಟಲಿ ಹಿಡಿದು ರಿಂಗಿನ ಪಕ್ಕ ನಿಂತು, ಅವಳು ಎಲ್ಲಿ ಎಡವುತ್ತಾಳೋ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾದೆ.

ಗುರುವಾರ ಅವಳಿಗೆ, ಎತ್ತರ ನೋಡಿ ನಾವೆಲ್ಲ ಉದ್ದಕ್ಕ ಎನ್ನುತ್ತಿದ್ದ ಹಳೇ ಶಿಷ್ಯೆಯ ಜೊತೆ ಸ್ಪಾರಿಂಗ್. ಗೆಲ್ಲಲು ಅಲ್ಲ, ಕಲಿಯಲು ಆಡುವ ಆಟ ಅದು. ಹೊಸಬರ ತಲೆಗೆ ಮೆಲ್ಲಗೆ ಮುಟ್ಟಬೇಕು ಅಷ್ಟೇ ಎಂಬುದು ಮೇಷ್ಟ್ರ ಕಟ್ಟಪ್ಪಣೆ. ಆದರೆ ನಾದಿನಿ ಮೇಲಿಂದ ಮೇಲೆ ಮೂಗಿಗೆ ತಾಗಿಸಿದ್ದಕ್ಕೆ ಉದ್ದಕ್ಕನಿಗೆ ರೋಷ ಬಂತು. ಮೇಷ್ಟ್ರು ಬಾಗಿಲಲ್ಲಿ ಯಾರನ್ನೋ ಮಾತಾಡಿಸಲು ತಿರುಗಿದರು. ಇತ್ತ ಉದ್ದಕ್ಕ ಬೀಸಿದ ಗುದ್ದು ನಾದಿನಿಯ ಕಿವಿಯ ಮೇಲೆ ಬಿತ್ತು. ಅವಳು ಬೀಳಲಿಲ್ಲ, ನಕ್ಕಳು. ಸುತ್ತು ಮುಗಿದ ಗಂಟೆ ಹೊಡೆಯಿತು.

ಕೂರಲು ಅವಳು ತನ್ನ ಮೂಲೆ ಬಿಟ್ಟು ಉದ್ದಕ್ಕನ ಮೂಲೆಗೆ ಹೋದಳು. ನಾನು ಕೂಗಿ ಕರೆದ ಮೇಲೆ ಬಂದಳು.

"ತಲೆ ಗುಯ್‌ಗುಡ್ತಿದೆಯೇನೇ?"

"ಹೆಡ್‌ಗಾರ್ಡ್ ಇತ್ತಲ್ಲ ಅತ್ತಿಗೆ, ಏನೂ ಆಗಲ್ಲ. ಮೇಷ್ಟ್ರಿಗೆ ಹೇಳ್ಬೇಡಿ, ಪಂದ್ಯ ತಪ್ಪಿಹೋಗುತ್ತೆ."

ಹೇಳಿದರೆ ಪಂದ್ಯ ನನ್ನದು. ಸುಳ್ಳೇಕೆ ಹೇಳಲಿ, ನನಗೆ ಖುಷಿಯೇ ಆಯಿತು. ಆದರೆ ಹೇಳಿದರೆ ಹೊಟ್ಟೆಕಿಚ್ಚಿನವಳು ಎಂದು ಎಲ್ಲರೂ ಆಡಿಕೊಳ್ಳುತ್ತಾರೆ. ಹೇಳದಿದ್ದರೆ? ಮೊದಲ ಪೆಟ್ಟಿನಿಂದ ಮಿದುಳು ಸುಧಾರಿಸಿಕೊಳ್ಳುವ ಮೊದಲೇ ಇನ್ನೊಂದು ಬಿದ್ದರೆ ಜೀವಕ್ಕೇ ಕುತ್ತು ಎಂದು ಮೇಷ್ಟ್ರು ದಿನಾ ಬಡಿದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಅವಳು ಮುಂದಿನ ಸುತ್ತಿಗೆ ಎದ್ದು ನಿಂತಳು.

"ಮೇಷ್ಟ್ರೇ, ನಿಲ್ಸಿ! ಇವಳ ತಲೆಗೆ ಪೆಟ್ಟಾಗಿದೆ."

"ಸುಳ್ಳು! ಇವರಿಗೆ ನನ್ನ ಕಂಡ್ರೆ ಹೊಟ್ಟೆಕಿಚ್ಚು" ಎಂದು ನಾದಿನಿ ಕಿರುಚಿದಳು.

"ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ" ಎಂದು ಉದ್ದಕ್ಕನೂ ದನಿಗೂಡಿಸಿದಳು.

ಮೇಷ್ಟ್ರು ಹತ್ತಿರ ಬಂದರು. "ಈಗ ಮುಗಿದದ್ದು ಎಷ್ಟನೇ ಸುತ್ತಮ್ಮಾ?"

ನಾದಿನಿ ಉತ್ತರಕ್ಕಾಗಿ ನನ್ನ ಮುಖ ನೋಡಿದಳು. ಮೇಷ್ಟ್ರು ತಾವೇ ಅವಳ ಹೆಡ್‌ಗಾರ್ಡ್ ಬಿಚ್ಚಿದರು. "ಇದು ಚರ್ಮ ಕಾಯುತ್ತೆ, ಒಳಗೆ ಮಿದುಳು ಅಲುಗೋದನ್ನ ತಡೆಯೋಲ್ಲ ಅಂತ ಎಷ್ಟು ಸಲ ಬಡ್ಕೊಳ್ಳಲಿ? ಈಗ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಭಾನುವಾರ ನೀವು ಆಡಿ."

ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಮುಖ ತಿರುಗಿಸಿ ಕೂತಿದ್ದಳು. ಆಮೇಲೆ ಕೇಳಿದಳು, "ಅತ್ತಿಗೆ, ನಿಜ ಹೇಳಿ. ಹೊಟ್ಟೆಕಿಚ್ಚಿಂದ ತಾನೆ ಹೇಳಿದ್ದು?"

"ಛೆ, ಅಲ್ಲ ಕಣೆ."

ತುಸು ಹೊತ್ತಿಗೆ ಮತ್ತೆ ಅದನ್ನೇ ಕೇಳಿದಳು. ಅವಳಿಗೆ ನಂಬಿಕೆ ಬಂದಿಲ್ಲ ಎಂದುಕೊಂಡೆ. ಸುಳ್ಳು ಹೇಳಿ ನನಗೂ ಸಾಕಾಗಿತ್ತು.

"ಹೌದು ಕಣೆ. ನಿನ್ನ ಕಂಡ್ರೆ ನನಗೆ ಹೊಟ್ಟೆ ಉರಿಯುತ್ತೆ. ಅದಕ್ಕೇ ನಿನ್ನ ಮೇಲಿಂದ ಕಣ್ಣು ತೆಗೀತಿರ್ಲಿಲ್ಲ. ಬೇರೆ ಯಾರೂ ನೋಡ್ಲಿಲ್ಲ, ನಾನು ನೋಡ್ದೆ. ಬೈಯೋದಿದ್ರೆ ಬೈದ್ಬಿಡು."

ಅವಳು ಗೋಡೆಗೆ ತಲೆಯಾನಿಸಿ, ಆಗ ತಾನೇ ನನ್ನನ್ನು ಕಂಡವಳಂತೆ ನೋಡಿದಳು.

"ಅತ್ತಿಗೆ, ನಿಜ ಹೇಳಿ. ಹೊಟ್ಟೆಕಿಚ್ಚಿಂದ ತಾನೆ ಹೇಳಿದ್ದು?"

ನನ್ನ ಉರಿಯೆಲ್ಲ ಆರಿಹೋಯಿತು. ಸರದಿಯಲ್ಲಿ ಮುಂದಿದ್ದವರನ್ನೆಲ್ಲ ದಾಟಿ ಓಡಿ, ಡಾಕ್ಟರ ಬಾಗಿಲನ್ನು ಎರಡೂ ಮುಷ್ಟಿಯಿಂದ ಗುದ್ದತೊಡಗಿದೆ.